ಚರ್ಚ್ ಶಾಲೆಯ ದಿನನಿತ್ಯದ ಪ್ರಾರ್ಥನೆಯಿಂದ ಮಗಳನ್ನು ಬಿಡಿಸಬೇಕಾ?

ಪ್ರಶ್ನೆ: ಪುಟ್ಟಿಯ ಅಮ್ಮ, ರೆಡಿಂಗ್ ಹತ್ತಿರ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಮೂರು ವರ್ಷ ಆಯ್ತು. ಮಗಳು ಸೆಪ್ಟೆಂಬರಿನಲ್ಲಿ ರಿಸೆಪ್ಷನ್, ಅಂದರೆ ಇಲ್ಲಿನ ಪ್ರೈಮರಿಯ ಮೊದಲ ಕ್ಲಾಸ್, ಸೇರಿದಳು. ಮನೆಯಿಂದ ಏಳು ನಿಮಿಷ ನಡೆದರೆ ಶಾಲೆ. ಚರ್ಚ್ ಆಫ್ ಇಂಗ್ಲೆಂಡ್ ಪ್ರೈಮರಿ. ಅರ್ಜಿ ಹಾಕುವಾಗ ಹೆಸರಿನಲ್ಲಿ 'ಸೇಂಟ್' ಇದ್ದದ್ದು ನೋಡಿದ್ದೆವು. ನಾನೂ ಊರಲ್ಲಿ ಕಾನ್ವೆಂಟಿನಲ್ಲೇ ಓದಿದವಳು. ಅದಕ್ಕೇ ಜಾಸ್ತಿ ಯೋಚನೆ ಮಾಡಲಿಲ್ಲ.

ಕಳೆದ ಶನಿವಾರ ಮಧ್ಯಾಹ್ನ ಊಟಕ್ಕೆ ಬಡಿಸಿದೆ. ಅವಳು ತಟ್ಟೆ ಮುಟ್ಟಲಿಲ್ಲ. ಕಣ್ಣು ಮುಚ್ಚಿ, ಎರಡೂ ಕೈಯ ಬೆರಳು ಹೆಣೆದುಕೊಂಡು, ಊಟಕ್ಕಾಗಿ ದೇವರಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ 'ಆಮೆನ್' ಅಂದಳು. ಆಮೇಲೆ ನನ್ನ ಕಡೆ ತಿರುಗಿ 'ಅಮ್ಮ, ನೀನೂ ಹೇಳು' ಅಂದಳು. ಆಗ ವಿಡಿಯೋ ಕಾಲ್‌ನಲ್ಲಿ ನಮ್ಮತ್ತೆ ಇದ್ದರು. ಅವರೇನೂ ಬೈಯಲಿಲ್ಲ, ಸುಮ್ಮನಾಗಿಬಿಟ್ಟರು. ಆಮೇಲೆ ಮಗನಿಗೆ ಬೇರೆಯಾಗಿ ಫೋನ್ ಮಾಡಿ 'ಮಗು ನಮ್ಮ ದೇವರನ್ನ ಮರೆತುಬಿಡುತ್ತೇನೋ' ಅಂತ ಕೇಳಿದರಂತೆ. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಬಂದಿಲ್ಲ.

ನಮ್ಮ ಕಾನ್ವೆಂಟಿನಲ್ಲಿ ಕ್ರೈಸ್ತ ಮಕ್ಕಳು ಅವರ ಧರ್ಮದ ಪಾಠಕ್ಕೆ, ಕ್ಯಾಟಕಿಸಂ ಕ್ಲಾಸಿಗೆ, ಎದ್ದು ಹೋಗುತ್ತಿದ್ದರು. ನಾವು ಮಾರಲ್ ಸೈನ್ಸ್‌ಗೆ ಕೂರುತ್ತಿದ್ದೆವು. ಇಲ್ಲಿ ಹಾಗಲ್ಲ, ಎಲ್ಲರೂ ಒಟ್ಟಿಗೆ. ದಿನಾ ಹಾಲ್‌ನಲ್ಲಿ 'ಕಲೆಕ್ಟಿವ್ ವರ್ಶಿಪ್', ಅಂದರೆ ಸಾಮೂಹಿಕ ಪ್ರಾರ್ಥನೆ ಇದೆ. ವಾರಕ್ಕೊಮ್ಮೆ ಆರ್‌ಈ (ರಿಲಿಜಿಯಸ್ ಎಜುಕೇಷನ್, ಧರ್ಮಗಳ ಬಗ್ಗೆ) ಪಾಠ. ಇವೆರಡರಿಂದ ಮಗುವನ್ನು ಬಿಡಿಸಬಹುದು ಅಂತ ಒಬ್ಬರು ಹೇಳಿದರು. ನಿಜವಾ? ಬಿಡಿಸಿದರೆ ಅವಳನ್ನು ಎಲ್ಲಿ ಕೂರಿಸುತ್ತಾರೆ? ಗೆಳತಿಯರೆಲ್ಲ ಒಳಗಿರುವಾಗ ಇವಳೊಬ್ಬಳೇ ಹೊರಗೆ ಕೂತರೆ ಹೇಗೆ? ಶಾಲೆಯ ಬಗ್ಗೆ ನನಗೆ ಬೇರೆ ಯಾವ ದೂರೂ ಇಲ್ಲ. ಅವಳು ಖುಷಿಯಾಗಿ ಓಡಿ ಹೋಗುತ್ತಾಳೆ. ಅದಕ್ಕೇ ಇನ್ನೂ ಕಷ್ಟ ಆಗ್ತಿದೆ.

ಉತ್ತರ 1: ಲೆಸ್ಟರ್‌ನಿಂದ ಒಬ್ಬ ಅಪ್ಪ

ನಿಜ ಮೇಡಂ. ಸ್ಕೂಲ್ ಸ್ಟ್ಯಾಂಡರ್ಡ್ಸ್ ಅಂಡ್ ಫ್ರೇಮ್‌ವರ್ಕ್ ಆಕ್ಟ್, 1998. ಅದರ 71ನೇ ಸೆಕ್ಷನ್. ತಂದೆ ತಾಯಿ ಕೇಳಿದರೆ ಶಾಲೆ ಬಿಡಲೇಬೇಕು. ಕಾರಣ ಕೇಳುವ ಹಾಗಿಲ್ಲ. ಪ್ರಾರ್ಥನೆಯಿಂದ ಮಾತ್ರ ಬಿಡಿಸಬಹುದು, ಆರ್‌ಈಯಿಂದ ಮಾತ್ರ ಬಿಡಿಸಬಹುದು, ಎರಡರಿಂದಲೂ ಬಿಡಿಸಬಹುದು. ಚರ್ಚ್ ಶಾಲೆಗೂ ಇದೇ ಕಾನೂನು. ನಾವು ಮಗನನ್ನು ಇಯರ್ ಟೂನಲ್ಲಿ ಎರಡರಿಂದಲೂ ಬಿಡಿಸಿದೆವು. ಮಗು ಸಣ್ಣದಿರುವಾಗಲೇ ಮಾಡಿ. ಮಗು ಯಾರದ್ದು, ನಿಮ್ಮದು ತಾನೇ?

ಉತ್ತರ 2: ಟೀಚಿಂಗ್ ಅಸಿಸ್ಟೆಂಟ್, ವೆಸ್ಟ್ ಮಿಡ್‌ಲ್ಯಾಂಡ್ಸ್

ಪುಟ್ಟಿಯ ಅಮ್ಮ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸ್ವಲ್ಪ ಉದ್ದ ಬರೀತೀನಿ, ಸಮಯ ಸಿಕ್ಕಾಗ ಓದಿ.

ನಾನು ಒಂಬತ್ತು ವರ್ಷದಿಂದ ಇಂಥದೇ ಒಂದು ಶಾಲೆಯಲ್ಲಿ ಕೆಲಸ ಮಾಡ್ತಿದ್ದೇನೆ. ನಾನು ಹಿಂದೂ. ಬೆಳಗ್ಗೆ ಮನೆಯಲ್ಲಿ ದೀಪ ಹಚ್ಚಿ ಹೊರಡುತ್ತೇನೆ. ಒಂಬತ್ತೂ ಕಾಲಿಗೆ ಶಾಲೆಯ ಹಾಲ್‌ನಲ್ಲಿ ಮೇಣದಬತ್ತಿ ಹಚ್ಚುವಾಗ ರಿಸೆಪ್ಷನ್ ಮಕ್ಕಳ ಸಾಲಿನ ಕೊನೆಯಲ್ಲಿ ಕೂತಿರುತ್ತೇನೆ. ಒಳಗೆ ಏನು ನಡೆಯುತ್ತೆ ಅಂತ ಮೊದಲು ಹೇಳ್ತೀನಿ. ಬಿಡಿಸುವ ಪತ್ರ ಬರೆಯುವವರಲ್ಲಿ ಎಷ್ಟೋ ಜನ ಅದನ್ನು ಒಮ್ಮೆಯೂ ನೋಡಿರುವುದಿಲ್ಲ.

ನಮ್ಮಲ್ಲಿ ದಿನಾ ಹದಿನೈದು ಇಪ್ಪತ್ತು ನಿಮಿಷ. ಮಕ್ಕಳು ಮಾತಾಡದೆ ಸಾಲಾಗಿ ಬಂದು ನೆಲದ ಮೇಲೆ ಕೂರುತ್ತಾರೆ. ಮುಂದೆ ಒಂದು ಚಿಕ್ಕ ಮೇಜು, ಮೇಲೆ ಬಟ್ಟೆ. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್‌ನಲ್ಲಿ, ಈಸ್ಟರ್‌ಗೆ ಮುಂಚಿನ ಲೆಂಟ್‌ನಲ್ಲಿ ಬಟ್ಟೆ ನೇರಳೆ. ಹಬ್ಬ ಬಂದಾಗ ಬಿಳಿ. ವರ್ಷದ ಉಳಿದ ಹೆಚ್ಚಿನ ದಿನ ಹಸಿರು. ಒಬ್ಬ ಮಗು ಬಂದು ಮೂರು ಮೇಣದಬತ್ತಿ ಹಚ್ಚಿಸುತ್ತೆ. ತಂದೆ, ಮಗ, ಪವಿತ್ರಾತ್ಮ ಅಂತ. ಹೆಡ್ ಟೀಚರ್ 'ಶಾಂತಿ ನಿಮ್ಮೊಂದಿಗಿರಲಿ' ಅನ್ನುತ್ತಾರೆ, ಮಕ್ಕಳು 'ನಿಮ್ಮೊಂದಿಗೂ ಇರಲಿ' ಅನ್ನುತ್ತಾರೆ. ಆಮೇಲೆ ಒಂದು ಕಥೆ. ಹೆಚ್ಚಾಗಿ ಬೈಬಲ್‌ನದು. ಆ ಅರ್ಧ ಟರ್ಮಿನ ವಿಷಯ 'ಕ್ಷಮೆ' ಆಗಿದ್ದರೆ ದುಡ್ಡು ಹಾಳು ಮಾಡಿಕೊಂಡು ಮನೆಗೆ ವಾಪಸ್ ಬಂದ ಮಗನ ಕಥೆ. ವಾರಕ್ಕೊಂದು ದಿನ ವಿಕಾರ್, ಅಂದರೆ ಊರಿನ ಚರ್ಚಿನ ಪಾದ್ರಿ, ಬರುತ್ತಾರೆ. ಒಂದು ಹಾಡು, ಕೊನೆಗೆ ಪ್ರಾರ್ಥನೆ.

ಪ್ರಾರ್ಥನೆಗೆ ಮುಂಚೆ ನಮ್ಮ ಹೆಡ್ ದಿನಾ ತಪ್ಪದೆ ಒಂದು ಮಾತು ಹೇಳುತ್ತಾರೆ. 'ಈಗ ನಾನು ಪ್ರಾರ್ಥನೆ ಮಾಡುತ್ತೇನೆ. ಇದು ನಿಮ್ಮ ಪ್ರಾರ್ಥನೆಯೂ ಆಗಲಿ ಅನಿಸಿದರೆ ಕೊನೆಯಲ್ಲಿ ಆಮೆನ್ ಅನ್ನಿ. ಇಲ್ಲವಾದರೆ ಸುಮ್ನೆ ಕೂತು ಯೋಚನೆ ಮಾಡಿ.' ನಿಮ್ಮ ಶಾಲೆಯಲ್ಲಿ ಈ ಮಾತು ಹೇಳುತ್ತಾರಾ ಅಂತ ಮೊದಲು ಕೇಳಿ. ಹೇಳದಿದ್ದರೆ, ಹೇಳಿ ಅಂತ ಕೇಳುವುದಕ್ಕೆ ನಿಮಗೆ ಆಧಾರ ಇದೆ. ಶಾಲೆಯ ಪ್ರಾರ್ಥನೆ ಎಲ್ಲರನ್ನೂ ಸೇರಿಸಿಕೊಳ್ಳಬೇಕು, ಅದು ಆಹ್ವಾನವಾಗಿರಬೇಕು ಅಂತ ಚರ್ಚ್ ಆಫ್ ಇಂಗ್ಲೆಂಡೇ ತನ್ನ ಶಾಲೆಗಳಿಗೆ ಹೇಳಿದೆ. ಎಲ್ಲ ಶಾಲೆಗಳಿಗೂ ಇರುವ ಸರ್ಕಾರಿ ತಪಾಸಣೆ ಆಫ್‌ಸ್ಟೆಡ್ ಬಿಟ್ಟು ಚರ್ಚ್ ಶಾಲೆಗಳಿಗೆ 'ಸಯಮ್ಸ್' ಅಂತ ಇನ್ನೊಂದು ತಪಾಸಣೆ ಇದೆ. ಅವರು ಬಂದಾಗ ಪ್ರಾರ್ಥನೆಯಲ್ಲಿ ಕೂತು ನೋಡುತ್ತಾರೆ, ಮಕ್ಕಳನ್ನು ಮಾತಾಡಿಸುತ್ತಾರೆ. ಆ ವರದಿ ಯಾರು ಬೇಕಾದರೂ ಓದಬಹುದು. ನಿಮ್ಮ ಶಾಲೆಯದ್ದು ಹುಡುಕಿ ಓದಿ.

ಆದರೆ ಐದು ವರ್ಷದ ಮಗುವಿಗೆ ಈ 'ಬೇಕಿದ್ದರೆ' ಅನ್ನೋದು ಅರ್ಥ ಆಗುತ್ತಾ? ನಾನು ಕಂಡ ಹಾಗೆ ಆಗಲ್ಲ. ಪಕ್ಕದವಳು ಕಣ್ಣು ಮುಚ್ಚಿದರೆ ಇವಳೂ ಮುಚ್ಚುತ್ತಾಳೆ. ಟೀಚರ್ ಕೈ ಜೋಡಿಸಿದರೆ ಇವಳೂ ಜೋಡಿಸುತ್ತಾಳೆ. ಏಳೆಂಟು ವರ್ಷ ಆದಮೇಲೆ ಕೆಲವು ಮಕ್ಕಳು ಬೇಕಂತಲೇ ಕಣ್ಣು ಬಿಟ್ಟುಕೊಂಡು ಕೂತಿರುವುದನ್ನು ನೋಡಿದ್ದೇನೆ. ರಿಸೆಪ್ಷನ್‌ನಲ್ಲಿ ಯಾರೂ ಹಾಗೆ ಕೂರುವುದಿಲ್ಲ. ಅದಕ್ಕೇ ನಿಮ್ಮತ್ತೆಯ ಭಯವನ್ನು ನಾನು ಸಣ್ಣದು ಅನ್ನಲ್ಲ. ಶಾಲೆ ಬಾಯಿಮಾತಿಗೆ ಕೊಡುವ ಆಯ್ಕೆಯನ್ನು ಮಗುವಿಗೆ ನಿಜವಾಗಿ ಕೈಗೆ ಕೊಡಬೇಕಾದವರು ಮನೆಯವರು. ಅದು ನಮ್ಮ ಕೆಲಸ, ಹೆಡ್ ಟೀಚರದ್ದಲ್ಲ.

ಆರ್‌ಈ ಬೇರೆ ವಿಷಯ. ದಯವಿಟ್ಟು ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಪ್ರಾರ್ಥನೆ ಅಂದರೆ ಮಾಡುವುದು. ಆರ್‌ಈ ಅಂದರೆ ತಿಳಿಯುವುದು. ಕ್ರೈಸ್ತರು ಹೀಗೆ ನಂಬುತ್ತಾರೆ, ಯಹೂದಿಗಳು ಶುಕ್ರವಾರ ಸಂಜೆ ಹೀಗೆ ದೀಪ ಹಚ್ಚುತ್ತಾರೆ, ಮುಸ್ಲಿಮರು ಹೀಗೆ ನಮಾಜ್ ಮಾಡುತ್ತಾರೆ, ಹಿಂದೂಗಳು ಹೀಗೆ ದೀಪಾವಳಿ ಮಾಡುತ್ತಾರೆ ಅಂತ. ನಿಜ, ಚರ್ಚ್ ಶಾಲೆಯಲ್ಲಿ ಕ್ರೈಸ್ತ ಧರ್ಮದ ಪಾಲು ಜಾಸ್ತಿ. ಆದರೆ ಅಷ್ಟೇ ಇರುವುದಿಲ್ಲ. ಲಂಡನ್ನಿನ ನೀಸ್‌ಡನ್ ಮಂದಿರಕ್ಕೆ, ಅದೇ 1995ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರ, ಎಷ್ಟೊಂದು ಶಾಲೆಗಳು ಮಕ್ಕಳನ್ನು ಕರೆದುಕೊಂಡು ಬರುತ್ತವೆ. ಮೂರು ವರ್ಷದ ಹಿಂದೆ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಆರ್‌ಈಗೆ ಮನೆಯಿಂದ ಹಿತ್ತಾಳೆ ದೀಪ ತಂದಳು. ಬತ್ತಿ ಹೇಗೆ ಹೊಸೆಯುವುದು ಅಂತ ಮೂವತ್ತು ಮಕ್ಕಳಿಗೆ ತೋರಿಸಿದಳು. ಅಂಗೈಯಲ್ಲಿ ಹತ್ತಿ ಇಟ್ಟುಕೊಂಡು ಎಲ್ಲರೂ ಹೊಸೆದರು. ಅವತ್ತು ಆ ಹುಡುಗಿಯ ಮುಖ ನೋಡಬೇಕಿತ್ತು. ಆರ್‌ಈಯಿಂದ ಬಿಡಿಸಿದ್ದರೆ ಅವಳ ದೀಪಾವಳಿಯ ಪಾಠಕ್ಕೆ ಅವಳೇ ಹೊರಗಿರುತ್ತಿದ್ದಳು.

ಆರ್‌ಈಯಲ್ಲಿ ಏನು ಕಲಿಸುತ್ತಾರೆ ಅನ್ನುವುದು ಶಾಲೆ 'ವಾಲಂಟರಿ ಏಡೆಡ್' ಅಥವಾ 'ವಾಲಂಟರಿ ಕಂಟ್ರೋಲ್ಡ್', ಈ ಎರಡು ಬಗೆಯಲ್ಲಿ ಯಾವುದು ಅನ್ನುವುದರ ಮೇಲೂ ನಿಂತಿದೆ. ಕಂಟ್ರೋಲ್ಡ್ ಆದರೆ ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲ್ ಪ್ರದೇಶದ ಒಪ್ಪಿತ ಸಿಲಬಸ್. ಅದನ್ನು ಮಾಡುವ ಸಮಿತಿಯಲ್ಲಿ ಬೇರೆ ಧರ್ಮದವರಿಗೂ ಜಾಗ ಇದೆ. ಏಡೆಡ್ ಆದರೆ ಶಾಲೆಯ ಗವರ್ನರ್‌ಗಳು, ಅಂದರೆ ಆಡಳಿತ ಮಂಡಳಿಯವರು, ಚರ್ಚಿನ ನಂಬಿಕೆಗೆ ತಕ್ಕ ಹಾಗೆ ತೀರ್ಮಾನ ಮಾಡುತ್ತಾರೆ. ಅಕಾಡೆಮಿ, ಅಂದರೆ ಕೌನ್ಸಿಲ್ ಕೈಯಲ್ಲಿಲ್ಲದೆ ಸರ್ಕಾರದಿಂದ ನೇರವಾಗಿ ದುಡ್ಡು ಪಡೆಯುವ ಶಾಲೆ ಆಗಿದ್ದರೆ ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಇದು ಬರೆದಿರುತ್ತೆ. ಆಫೀಸಿನಲ್ಲಿ ಕೇಳಿ, ಸಿಲಬಸ್ ತೋರಿಸುತ್ತಾರೆ.

'ಶಾಲೆ ಬದಲಿಸಿದರೆ ಆಯ್ತಲ್ಲ' ಅಂತ ಯಾರಾದರೂ ಹೇಳಬಹುದು. ಇಲ್ಲಿ ಚರ್ಚಿಗೆ ಸೇರದ ಸರ್ಕಾರಿ ಶಾಲೆಯಲ್ಲೂ ದಿನಾ ಪ್ರಾರ್ಥನೆ ನಡೆಯಬೇಕು ಅಂತಲೇ ಕಾನೂನು. 1944ರ ಶಿಕ್ಷಣ ಕಾಯ್ದೆ ಶಾಲೆಯ ದಿನವೇ ಪ್ರಾರ್ಥನೆಯಿಂದ ಶುರುವಾಗಬೇಕು ಅಂದಿತ್ತು. 1988ರಲ್ಲಿ ಸಮಯ ಸಡಿಲ ಮಾಡಿದರು. ಆದರೆ ಅದು ಹೆಚ್ಚಿನ ಮಟ್ಟಿಗೆ ಕ್ರೈಸ್ತ ಸ್ವರೂಪದಲ್ಲಿರಬೇಕು ಅಂತ ಸೇರಿಸಿದರು. ಎಷ್ಟೋ ಕಡೆ ಅದು ಬರೀ ಅಸೆಂಬ್ಲಿಯಾಗಿದೆ, ಅದು ಬೇರೆ ಮಾತು. ಇನ್ನು ಇಂಗ್ಲೆಂಡಿನ ಪ್ರೈಮರಿಗಳಲ್ಲಿ ಸುಮಾರು ಕಾಲು ಭಾಗ ಚರ್ಚ್ ಆಫ್ ಇಂಗ್ಲೆಂಡಿನವೇ. ಬಡಮಕ್ಕಳಿಗೆ ಓದು ಕಲಿಸಬೇಕು ಅಂತ ಚರ್ಚಿನವರು ನ್ಯಾಷನಲ್ ಸೊಸೈಟಿ ಕಟ್ಟಿದ್ದು 1811ರಲ್ಲಿ. ಶಾಲೆಗಳಿಗೆ ಸರ್ಕಾರ ಮೊದಲ ದುಡ್ಡು ಕೊಟ್ಟಿದ್ದು 1833ರಲ್ಲಿ. ಹಾಗಾಗಿ ಎಷ್ಟೋ ಹಳ್ಳಿಗಳಲ್ಲಿ ಹತ್ತಿರದ ಶಾಲೆ ಅಂದರೆ ಚರ್ಚ್ ಶಾಲೆಯೇ. ಮಗುವನ್ನು ಬಿಡಿಸುವ ಹಕ್ಕೂ ಹಳೆಯದೇ, 1870ರ ಕಾಯ್ದೆಯಲ್ಲೇ ಇತ್ತು. ಧರ್ಮದ ಪಾಠ ದಿನದ ಶುರುವಿಗೆ ಇಲ್ಲವೇ ಕೊನೆಗೆ ಇಡಬೇಕು ಅಂತ ಆಗ ಹೇಳಿದ್ದರು. ಬೇಡ ಅನ್ನುವ ಮಕ್ಕಳು ಲೇಟಾಗಿ ಬರಲಿ ಅಥವಾ ಬೇಗ ಹೋಗಲಿ ಅಂತ. ನನಗೆ ಇದು ತುಂಬಾ ಇಷ್ಟವಾದ ವಿಷಯ. ಬೇರೆಯವರ ನಂಬಿಕೆಗೆ ಜಾಗ ಬಿಡಬೇಕು ಅಂತ ನೂರೈವತ್ತು ವರ್ಷದ ಹಿಂದೆಯೇ ಯೋಚನೆ ಮಾಡಿದ್ದಾರಲ್ವಾ?

ಈಗ ನಿಮ್ಮ ಕಷ್ಟದ ಪ್ರಶ್ನೆ. ಎಲ್ಲಿ ಕೂರಿಸುತ್ತಾರೆ? ಮಗುವನ್ನು ನೋಡಿಕೊಳ್ಳುವುದು ಶಾಲೆಯ ಜವಾಬ್ದಾರಿ. ಬೇರೆ ಪಾಠ ಮಾಡಿಸಲೇಬೇಕು ಅಂತ ಇಲ್ಲ. ನಾನು ಮುಂಚೆ ಇದ್ದ ಒಂದು ಶಾಲೆಯಲ್ಲಿ ಒಬ್ಬ ಹುಡುಗನನ್ನು ಮನೆಯವರು ಬಿಡಿಸಿದ್ದರು. ಅವನನ್ನು ಆಫೀಸಿನ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಜ್ವರ ಬಂದು ಅಮ್ಮನಿಗೆ ಕಾಯುವ ಮಕ್ಕಳು ಕೂರುವ ಜಾಗ ಅದು. ಹಾಲ್‌ನ ಬಾಗಿಲಾಚೆಯಿಂದ ಹಾಡು ಕೇಳಿಸುತ್ತಿತ್ತು. ಅವನು ಆ ಹಾಡನ್ನೇ ಗುನುಗುತ್ತಾ ಕೂತಿರುತ್ತಿದ್ದ. 'ನಾನು ಏನು ತಪ್ಪು ಮಾಡಿದೆ' ಅಂತ ಒಮ್ಮೆ ನನ್ನನ್ನೇ ಕೇಳಿದ. ಆ ಪ್ರಶ್ನೆ ನನಗೆ ಇವತ್ತಿಗೂ ಚುಚ್ಚುತ್ತೆ. ಅವನ ಅಪ್ಪ ಅಮ್ಮ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಅವರ ಹಕ್ಕು. ಆದರೆ ಅವನು ಯಾಕೆ ಹೊರಗಿದ್ದಾನೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಮನೆಯವರೂ ಹೇಳಿರಲಿಲ್ಲ, ಶಾಲೆಯವರೂ ಹೇಳಿರಲಿಲ್ಲ. ಬೇರೆ ಮಾತೇ ಇಲ್ಲ, ನೀವು ಬಿಡಿಸುವುದಾದರೆ ಮೊದಲು ಪುಟ್ಟಿಗೆ ಹೇಳಿ. ಯಾವ ಜಾಗದಲ್ಲಿ, ಯಾರ ಜೊತೆ, ಏನು ಮಾಡಿಕೊಂಡು ಕೂರುತ್ತಾಳೆ ಅಂತ ಶಾಲೆಯಿಂದ ಬರಹದಲ್ಲಿ ತೆಗೆದುಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಪತ್ರ ಬರೆಯುತ್ತಿರಲಿಲ್ಲ. ಒಂದು ದಿನ ಬಂದು ಪ್ರಾರ್ಥನೆಯಲ್ಲಿ ಕೂರುತ್ತೇನೆ ಅಂತ ಹೆಡ್ ಹತ್ತಿರ ಕೇಳುತ್ತಿದ್ದೆ. ಸುಮಾರು ಶಾಲೆಗಳು ಖುಷಿಯಿಂದ ಕರೆಯುತ್ತವೆ. ಮನೆಯಲ್ಲಿ ಪುಟ್ಟಿಗೆ 'ನೀನು ಆಮೆನ್ ಅನ್ನಬೇಡ' ಅಂತ ಬೈಯುತ್ತಿರಲಿಲ್ಲ. ಅವಳು ಊಟಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಿದ್ದಾಳೆ, ಅದರಲ್ಲಿ ಬೈಯುವಂಥದ್ದು ಏನಿದೆ? ಅವಳ ಅಜ್ಜಿಗೆ ಹೇಳಿ, ಊಟಕ್ಕೆ ಮುಂಚೆ ಹೇಳುವ ಅನ್ನಪೂರ್ಣೆಯ ಶ್ಲೋಕ ಫೋನಿನಲ್ಲೇ ಕಲಿಸಲಿ. ದಿನಾ ಒಂದು ಸಾಲು. ಮನೆಯಲ್ಲಿ ಹೇಳಿಕೊಳ್ಳಲು ಅವಳಿಗೆ ಏನೂ ಇಲ್ಲದ್ದರಿಂದ ಶಾಲೆಯದ್ದನ್ನು ತಂದಿದ್ದಾಳೆ. ತನ್ನದು ಒಂದಿದ್ದ ಮಗು ಬೇರೆಯವರ ಪ್ರಾರ್ಥನೆಯಲ್ಲಿ ಗೌರವದಿಂದ, ಹೆದರದೆ ಕೂರುತ್ತೆ. ನಮ್ಮ ಶಾಲೆಯ ಹಿಂದೂ, ಮುಸ್ಲಿಂ, ಸಿಖ್ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಇಷ್ಟಾದರೂ ನಿಮ್ಮ ಮನಸ್ಸು ಒಪ್ಪದಿದ್ದರೆ ಪೂರ್ತಿ ಬಿಡಿಸಬೇಕು ಅಂತಿಲ್ಲ. ಸ್ವಲ್ಪ ಭಾಗದಿಂದ ಬಿಡಿಸಬಹುದು. ಚರ್ಚಿಗೆ ಹೋಗುವ ದಿನ ಬೇಡ, ಯೇಸು ಕಲಿಸಿದ 'ಕರ್ತನ ಪ್ರಾರ್ಥನೆ' ಹೇಳಿಸುವುದು ಬೇಡ, ಕಥೆ ಹಾಡು ಪರವಾಗಿಲ್ಲ ಅಂತ. ಊಟದ ಮುಂಚಿನ ಪ್ರಾರ್ಥನೆಯ ಮಾತನ್ನೂ ಬೇರೆಯಾಗಿ ಬರೆಯಿರಿ. ಅದು ಕ್ಲಾಸಿನಲ್ಲಿ ನಡೆಯುತ್ತೆ, ಹೆಡ್‌ಗೆ ನೆನಪೇ ಇರುವುದಿಲ್ಲ.

ಉತ್ತರ 3: ಹಾಸನದ ಕಡೆಯವನು, ಈಗ ಬ್ರಿಸ್ಟಲ್

ನಾವು ಕ್ರೈಸ್ತರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನನ್ನ ಇಬ್ಬರು ಮಕ್ಕಳೂ ಚರ್ಚ್ ಶಾಲೆಯಲ್ಲೇ ಇದ್ದಾರೆ. ಮೇಲಿನ ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು.

ಆ ಪ್ರಾರ್ಥನೆ ನಮಗೆ ನಿಜವಾದ ಪ್ರಾರ್ಥನೆ. ಅದು ಮಕ್ಕಳಿಗೆ ಶಿಸ್ತು ಕಲಿಸುವ ಉಪಾಯ ಅಲ್ಲ, 'ವ್ಯಾಲ್ಯೂಸ್' ಪಾಠವೂ ಅಲ್ಲ. ಆದ್ದರಿಂದ ಮನಸ್ಸಿಲ್ಲದ ಮಗುವಿನ ಬಾಯಲ್ಲಿ ಆಮೆನ್ ಅನ್ನಿಸುವುದು ನಮಗೂ ಬೇಡ. ನಿಮ್ಮ ಮಗಳು ಸುಮ್ಮನೆ ಕೂತರೆ ಯಾವ ಕ್ರೈಸ್ತನಿಗೂ ಬೇಜಾರಾಗಬಾರದು. ಇದನ್ನು ಶಾಲೆಯವರಿಗೆ ಸಂಕೋಚ ಇಲ್ಲದೆ ಹೇಳಿ. ನಂಬಿಕೆ ಇರುವ ಹೆಡ್ ಟೀಚರ್ ಆದರೆ ನಿಮ್ಮ ಮಾತು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಯಾಕಂದ್ರೆ ಪ್ರಾರ್ಥನೆಗೆ ಅವರೂ ಬೆಲೆ ಕೊಡುತ್ತಾರೆ.

ನಾನೂ ಶಾಲೆಯ ಮೇಲೆ ಎಲ್ಲ ಬಿಟ್ಟಿಲ್ಲ. ಮಕ್ಕಳಿಗೆ ಸತ್ಯವೇದ ಕನ್ನಡದಲ್ಲಿ ಓದಿಸುವುದು ರಾತ್ರಿ ಮನೆಯಲ್ಲೇ. ಶಾಲೆಯಲ್ಲಿ ಕೇಳಿದ ಕಥೆಯನ್ನೇ ಕನ್ನಡದಲ್ಲಿ ಓದಿದಾಗ ದೊಡ್ಡವನು 'ಇದು ಅಜ್ಜಿ ಹೇಳುವ ಹಾಗಿದೆ' ಅಂದ.

ಡಿಸೆಂಬರಿನಲ್ಲಿ ಕ್ರಿಸ್ಟಿಂಗಲ್ ಇರುತ್ತೆ, ಅದೊಂದನ್ನು ತಪ್ಪಿಸಬೇಡಿ. ಕಿತ್ತಳೆ ಹಣ್ಣಿಗೆ ಕೆಂಪು ರಿಬ್ಬನ್ ಸುತ್ತಿ, ಮೇಲೆ ಮೇಣದಬತ್ತಿ ಸಿಕ್ಕಿಸಿ, ನಾಲ್ಕು ಕಡ್ಡಿಗೆ ಒಣಹಣ್ಣು ಅಥವಾ ಮಿಠಾಯಿ ಚುಚ್ಚುತ್ತಾರೆ. ಹಣ್ಣು ಅಂದರೆ ಲೋಕ, ಬತ್ತಿ ಅಂದರೆ ಯೇಸು ಸ್ವಾಮಿಯ ಬೆಳಕು. ಜರ್ಮನಿಯಲ್ಲಿ ಮೊರಾವಿಯನ್ ಅನ್ನುವ ಪ್ರೊಟೆಸ್ಟೆಂಟ್ ಪಂಗಡದ ಸಭೆಯಲ್ಲಿ 1747ರಲ್ಲಿ ಮಕ್ಕಳಿಗಾಗಿಯೇ ಶುರುವಾದದ್ದು. ಇಂಗ್ಲೆಂಡಿನಲ್ಲಿ 1968ರಿಂದ ಹರಡಿತು. ಪ್ರಾರ್ಥನೆ ಬೇಡವಾದರೆ ಬೇಡ. ಹಿಂದಿನ ಸಾಲಿನಲ್ಲಿ ನಿಂತು ಆ ದೀಪಗಳನ್ನು ಮಗುವಿಗೆ ತೋರಿಸಿ, ಅಷ್ಟೇ.

ಉತ್ತರ 4: ಲೆಸ್ಟರ್‌ನಿಂದ ಒಬ್ಬ ಅಪ್ಪ

ಅಕ್ಕ ಬರೆದ ಆಫೀಸಿನ ಪಕ್ಕದ ಕುರ್ಚಿಯ ವಿಷಯ ಓದಿ ಮಗನನ್ನು ಕೂರಿಸಿಕೊಂಡು ಕೇಳಿದೆ. ಈಗ ಅವನು ಇಯರ್ ಫೈವ್. ಪ್ರಾರ್ಥನೆಯ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಪುಸ್ತಕ ಓದುತ್ತಾನೆ, ಅದು ಅವನಿಗೆ ಇಷ್ಟ. ಆದರೆ ಆರ್‌ಈ ಹೊತ್ತಿನಲ್ಲಿ ಹೊರಗೆ ಹೋಗುವುದು ಇಷ್ಟ ಇಲ್ಲವಂತೆ. 'ಅಪ್ಪ, ಅಲ್ಲಿ ಎಲ್ಲರೂ ಹಿಂದೂಗಳ ಬಗ್ಗೆ ಪ್ರಶ್ನೆ ಕೇಳ್ತಾರೆ, ಉತ್ತರ ಹೇಳೋಕೆ ನಾನೇ ಇರಲ್ಲ' ಅಂದ. ನಾನು ಇದನ್ನು ಯೋಚನೆ ಮಾಡಿರಲಿಲ್ಲ. ಪ್ರಾರ್ಥನೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದರಿಂದ ಅವನು ಹೊರಗೇ ಇರಲಿ. ಆರ್‌ಈಗೆ ಮಾತ್ರ ವಾಪಸ್ ಸೇರಿಸಿ ಅಂತ ಸೋಮವಾರ ಪತ್ರ ಕೊಡುತ್ತೇನೆ.

ಪುಟ್ಟಿಯ ಅಮ್ಮ, ಹತ್ತು ದಿನದ ಮೇಲೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ ಹಾಗೆ ಹೆಡ್ ಟೀಚರಿಗೆ ಮೇಲ್ ಹಾಕಿದೆ. ಮಾರನೇ ದಿನವೇ ಬನ್ನಿ ಅಂದರು. ನಾನೂ ನಮ್ಮ ಮನೆಯವರೂ ಹೋಗಿ ಹಿಂದೆ ಕುರ್ಚಿಯಲ್ಲಿ ಕೂತೆವು. ಬಟ್ಟೆ ಹಸಿರೇ ಇತ್ತು. ಹಾರ್ವೆಸ್ಟ್, ಅಂದರೆ ಸುಗ್ಗಿ ಹಬ್ಬದ ವಾರ. ಮಕ್ಕಳು ಫುಡ್ ಬ್ಯಾಂಕ್‌ಗೆ, ಅಂದರೆ ಕಷ್ಟದಲ್ಲಿರುವವರಿಗೆ ದಿನಸಿ ಕೊಡುವ ಕಡೆಗೆ, ಅಂತ ತಂದ ಡಬ್ಬಗಳು ಮೇಜಿನ ಕೆಳಗೆ ಸಾಲಾಗಿದ್ದವು. ಪುಟ್ಟಿ ತಂದ ಕಡಲೆಕಾಳಿನ ಡಬ್ಬವೂ ಇತ್ತು.

ಪ್ರಾರ್ಥನೆಗೆ ಮುಂಚೆ ನೀವು ಹೇಳಿದ ಆ ಮಾತನ್ನು ಅವರು ಹೇಳಲಿಲ್ಲ. ನೇರವಾಗಿ 'ಎಲ್ಲರೂ ಕಣ್ಣು ಮುಚ್ಚಿ, ಕೈ ಜೋಡಿಸಿ' ಅಂದರು. ಆಮೇಲೆ ಹೆಡ್ ಹತ್ತಿರ ಇದನ್ನು ಹೇಳುವಾಗ ನನ್ನ ಧ್ವನಿ ನಡುಗಿತು. ಅವರು ಪುಸ್ತಕದಲ್ಲಿ ಬರೆದುಕೊಂಡರು. ಹೊಸ ಟೀಚರ್ ನಡೆಸಿದ್ದು, ಅವರಿಗೆ ಹೇಳುತ್ತೇನೆ, ನೀವು ಹೇಳಿದ್ದು ಸರಿ ಅಂದರು. ನಿನ್ನೆ ಪುಟ್ಟಿಯನ್ನು ಕೇಳಿದೆ. ಈಗ 'ಬೇಕಿದ್ದರೆ' ಅಂತ ಹೇಳ್ತಾರಂತೆ.

ಸದ್ಯಕ್ಕೆ ಎಲ್ಲಿಂದಲೂ ಬಿಡಿಸುತ್ತಿಲ್ಲ. ಇಯರ್ ಒನ್ ಶುರುವಾದಾಗ ಮತ್ತೆ ನೋಡುತ್ತೇವೆ ಅಂತ ಅತ್ತೆಗೆ ಹೇಳಿದ್ದೇವೆ. ಶನಿವಾರ ಭಾನುವಾರ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಅವರು ಫೋನ್ ಹಚ್ಚಿಕೊಂಡು ಕೂತಿರುತ್ತಾರೆ, ಅವರ ಕಡೆ ಆಗ ಸಂಜೆ. ಶ್ಲೋಕದ ಎರಡು ಸಾಲು ಬಂದಿದೆ. 'ಜ್ಞಾನ' ಅನ್ನುವುದು ಇನ್ನೂ ತೊದಲುತ್ತೆ. ಮೊನ್ನೆ ಶ್ಲೋಕ ಹೇಳಿ ಮುಗಿಸಿ ಆಮೇಲೆ ಆಮೆನ್ ಅಂದಳು. ನಾನು ಅತ್ತೆಯ ಮುಖ ನೋಡಿದೆ. 'ಇರಲಿ ಬಿಡು, ಮೊದಲು ಊಟ ಮಾಡಲಿ, ಅನ್ನ ಆರ್ತಿದೆ' ಅಂದರು.